ಲೋಕಲ್ ಗಾಡಿಯೋ, ದೂರದ ಲೋಡೋ: ಸಂಬಳ ಹೋಲಿಸುವುದು ಹೇಗೆ?

ಹೊಸಗೇರ್:
ಹೆವಿ ಲೈಸೆನ್ಸ್ ಇದೆ. ಎರಡು ಕೆಲಸ ಸಿಗುವ ಹಾಗಿದೆ. ಒಂದು ಲೋಕಲ್ ಡೆಲಿವರಿ: ತಿಂಗಳ ಸಂಬಳ, ರಾತ್ರಿ ಮನೆಗೆ ಬರಬಹುದು. ಇನ್ನೊಂದು ದೂರದ ಲೋಡು: ಕಿಲೋಮೀಟರ್ ಲೆಕ್ಕದ ಕೂಲಿ, ಮೇಲೆ ಬಾಟಾ (ದಾರಿಯ ಊಟ-ತಿಂಡಿ ಖರ್ಚಿನ ಭತ್ಯೆ). ಎರಡನೆಯದರಲ್ಲೇ ಹೆಚ್ಚು ಉಳಿಯುತ್ತದೆ ಅನ್ನುತ್ತಾರೆ. ಒಪ್ಪಿಕೊಳ್ಳುವ ಮುಂಚೆ ಏನೇನು ಕೇಳಬೇಕು?

ಹತ್ತುಚಕ್ರ:
ಮೊದಲು ಎರಡನ್ನೂ ಗಂಟೆ ಲೆಕ್ಕಕ್ಕೆ ತನ್ನಿ. 400 ಕಿ.ಮೀ. ಲೋಡು ಅಂದುಕೊಳ್ಳಿ. ಸರಾಸರಿ 50ರಲ್ಲಿ ಓಡಿದರೆ 8 ಗಂಟೆ. ಲೋಡಿಂಗ್ ಗೇಟಿನಲ್ಲಿ 5 ಗಂಟೆ, ಇಳಿಸುವಲ್ಲಿ 3 ಗಂಟೆ ಕಾಯಬೇಕಾದರೆ ಒಟ್ಟು 16 ಗಂಟೆ. ಅಲ್ಲಿಗೆ ಗಂಟೆಗೆ ಬರೀ 25 ಕಿ.ಮೀ. ಕೂಲಿ ಬಿತ್ತು. ಇನ್ನು ಖಾಲಿ ವಾಪಸ್ ಬರಬೇಕಾದರೆ ಮತ್ತೆ 8 ಗಂಟೆ. ಖಾಲಿ ಓಟಕ್ಕೆ ಕೂಲಿ ಇಲ್ಲ ಅಂದರೆ ಗಂಟೆಗೆ 17 ಕಿ.ಮೀ.ಗೂ ಕಮ್ಮಿ.

ಹಾಗಾಗಿ ಇಷ್ಟು ಕೇಳಿ: ಖಾಲಿ ಓಟಕ್ಕೆ ಎಷ್ಟು? ಕಿಲೋಮೀಟರ್ ಗಾಡಿಯ ಮೀಟರಿನದೋ, ಮ್ಯಾಪಿನ ಹತ್ತಿರದ ದಾರಿಯದೋ? ದೊಡ್ಡ ಗಾಡಿಗೆ ಪ್ರವೇಶವಿಲ್ಲದ ರಸ್ತೆಯನ್ನೂ ಮ್ಯಾಪು ಹಿಡಿದು ಲೆಕ್ಕ ಹಾಕಿದರೆ, ಸುತ್ತು ಬಳಸಿದ್ದಷ್ಟೂ ನಿಮ್ಮ ತಲೆಗೆ. ಕಾಯುವ ಹಣ ಎಷ್ಟನೇ ಗಂಟೆಯಿಂದ ಶುರು? ಅದು ನಿಮ್ಮ ಕೈಗೆ ಬರುತ್ತದೋ, ಮಾಲೀಕರ ಲೆಕ್ಕಕ್ಕೆ ಹೋಗುತ್ತದೋ? ಗೇಟು ಹೊಕ್ಕ ಮತ್ತು ಬಿಟ್ಟ ಸಮಯ ಎರಡನ್ನೂ ರಸೀದಿ ಮೇಲೆ ಬರೆಸಿ ಸಹಿ ಹಾಕಿಸಿ. ಸಹಿ ಇಲ್ಲದೆ ಕಾದ ಗಂಟೆಗೆ ಯಾರೂ ಹಣ ಕೊಡುವುದಿಲ್ಲ.

ಡಾಕ್‌ಕೈ:
ಲೋಕಲ್ ಅಂದರೆ ಸಲೀಸು ಅಂತಲ್ಲ. ದಿನಕ್ಕೆ 15 ಕಡೆ ನಿಲ್ಲಿಸಿ, ಒಂದೊಂದರಲ್ಲೂ 20 ನಿಮಿಷ ಹೋದರೆ 5 ಗಂಟೆ ಅಲ್ಲೇ ಮುಗಿಯಿತು. ಮಾಲು ಇಳಿಸುವವರು ಯಾರು ಅಂತ ಖಡಾಖಂಡಿತ ಕೇಳಿ. 25 ಕೆ.ಜಿ.ಯ 200 ಬಾಕ್ಸ್ ಅಂದರೆ 5 ಟನ್. ಕೈಟ್ರಾಲಿ, ಹಿಂಬದಿ ಲಿಫ್ಟ್ ಇಲ್ಲದಿದ್ದರೆ ಅಷ್ಟೂ ಸೊಂಟದ ಮೇಲೆ. ಬೆಳಿಗ್ಗೆ ಗಾಡಿ ತಪಾಸಣೆ, ಸಂಜೆ ರಸೀದಿ ಒಪ್ಪಿಸುವುದು ಕೆಲಸದ ಸಮಯದಲ್ಲಿ ಬರುತ್ತದೋ ನೋಡಿ. ಎರಡೂ ಸೇರಿ ದಿನಕ್ಕೆ ಒಂದು ಗಂಟೆಯಾದರೂ 26 ದಿನಕ್ಕೆ 26 ಗಂಟೆ, ಅಂದರೆ ಮೂರು ಪಾಳಿಗೂ ಮೇಲೆ ಪುಕ್ಕಟೆ ದುಡಿಮೆ.

ಟ್ಯಾಂಕ್‌ಫುಲ್:
ಕಡಿತದ ಬಗ್ಗೆ ಯಾರೂ ಹೇಳಲಿಲ್ಲ. ಡೀಸೆಲ್ ಏವರೇಜ್ ಬರದಿದ್ದರೆ ಕೂಲಿಯಲ್ಲಿ ಹಿಡಿಯುವ ಕಡೆ, ನಿಂತಲ್ಲೇ ಎಂಜಿನ್ ಓಡಿದ ಲೆಕ್ಕ ಬೇರೆ ತೆಗೆಯುತ್ತಾರಾ ಕೇಳಿ. ದೊಡ್ಡ ಎಂಜಿನ್ ನಿಂತಲ್ಲೇ ಗಂಟೆಗೆ ಸುಮಾರು 3 ಲೀಟರ್ ಕುಡಿಯುತ್ತದೆ. ಸೆಕೆಗೆ 8 ಗಂಟೆ ಏಸಿ ಹಾಕಿಕೊಂಡು ಕಾದರೆ 24 ಲೀಟರ್ ಹೋಯಿತು. ಲೀಟರಿಗೆ 4 ಕಿ.ಮೀ. ಗುರಿ ಇರುವ ಗಾಡಿಗೆ ಅದು 96 ಕಿ.ಮೀ. ಓಟದ ಡೀಸೆಲ್. ಲೆಕ್ಕ ಯಾವಾಗಲೂ ಫುಲ್ ಟ್ಯಾಂಕಿನಿಂದ ಫುಲ್ ಟ್ಯಾಂಕಿಗೇ ಆಗಬೇಕು.

ಮಾಲು ಕಮ್ಮಿ ಬಂತು ಅನ್ನುವ ಕಡಿತಕ್ಕೆ: ಲೋಡ್ ಮಾಡುವಾಗ ಎಣಿಸಿ. ಎಣಿಸಲು ಬಿಡದಿದ್ದರೆ ರಸೀದಿ ಮೇಲೆ ‘ಚಾಲಕ ಎಣಿಸಿಲ್ಲ’ ಅಂತ ಬರೆದು ಗಾಡಿ ಬಾಗಿಲಿಗೆ ಹಾಕಿದ ಸೀಲಿನ ನಂಬರ್ ಹಾಕಿ, ಫೋಟೊ ತೆಗೆಯಿರಿ. ಇಳಿಸುವ ಕಡೆ ಅವರೆದುರಿಗೇ ಸೀಲ್ ಒಡೆಸಿ.

ರಾತ್ರಿಪಾಳಿ:
ಟ್ರಿಪ್ ಬೇಗ ಮುಟ್ಟಿಸಿದರೆ ಬೋನಸ್ ಅನ್ನುವ ಮಾಲೀಕರ ಬಗ್ಗೆ ಹುಷಾರು. ಯುರೋಪ್ ಒಕ್ಕೂಟದ 561/2006 ನಿಯಮ, ರಸ್ತೆ ಸುರಕ್ಷತೆಗೆ ಧಕ್ಕೆ ತರುವಂತಿದ್ದರೆ ದೂರ, ವೇಗ, ಮಾಲಿನ ಪ್ರಮಾಣ ನೋಡಿ ಹಣ ಕೊಡುವುದನ್ನೇ ನಿಷೇಧಿಸಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1979ರ 153ನೇ ಒಡಂಬಡಿಕೆಯಲ್ಲಿ ಸಾಮಾನ್ಯ ಮಿತಿ ಇದು: ಒಂದೇ ಸಮನೆ 4 ಗಂಟೆ, ದಿನಕ್ಕೆ 9, ವಾರಕ್ಕೆ 48 ಗಂಟೆ ಚಾಲನೆ, ದಿನಕ್ಕೆ ಕನಿಷ್ಠ 10 ಗಂಟೆ ಎಡೆಬಿಡದ ವಿಶ್ರಾಂತಿ. ನಿಮಗೆ ಹೇಳಿರುವ ಟ್ರಿಪ್ ಸಮಯ ಇದರೊಳಗೆ ಕೂರುತ್ತದಾ ನೋಡಿ. ಗೇಟಿನಲ್ಲಿ ಕಾಯುತ್ತಾ, ಐದೈದು ನಿಮಿಷಕ್ಕೆ ಗಾಡಿ ಮುಂದಕ್ಕೆ ತೆಗೆಯುತ್ತಾ ಕಳೆದ ಹೊತ್ತು ವಿಶ್ರಾಂತಿಯಾಗುವುದಿಲ್ಲ. 17 ಗಂಟೆ ಎಚ್ಚರವಿದ್ದವರ ಚುರುಕುತನ, ರಕ್ತದಲ್ಲಿ 0.05% ಮದ್ಯ ಇರುವವರಷ್ಟೇ ಕುಗ್ಗಿರುತ್ತದೆ. ಬೆಳಗಿನ ಜಾವ ಡೆಲಿವರಿ ಹಾಕಿಕೊಟ್ಟರೆ, ಹಿಂದಿನ ಹಗಲು ಎಲ್ಲಿ, ಎಷ್ಟು ಹೊತ್ತು ಮಲಗಲು ಬಿಡುತ್ತೀರಿ ಅಂತ ಮೊದಲೇ ಕೇಳಿಬಿಡಿ.