ಮಗಳ ಕೈಮೇಲೆ ಕರೀ ಇಂಟು ಮಾರ್ಕು: ಗೊತ್ತಿದ್ದವರು ಹೇಳಿ

ಮಗಳಿಗೆ ಹದಿನಾರು, ಫಸ್ಟ್ ಪಿಯುಸಿ. ಎರಡು ತಿಂಗಳಿಂದ ಪಂಕ್ ಅಂತ ಏನೋ ಕೇಳ್ತಾಳೆ, ನನ್ನ ಕಿವಿಗೆ ಬರೀ ಕಿರುಚಾಟ. ಭಾನುವಾರ ನೋಡಿದ್ರೆ ಎರಡೂ ಕೈಮೇಲೆ ಕರೀ ಮಾರ್ಕರಿನಲ್ಲಿ ದೊಡ್ಡ ಇಂಟು ಮಾರ್ಕು! ಕೇಳಿದ್ರೆ 'ನಿಂಗೆ ಅರ್ಥ ಆಗಲ್ಲ ಬಿಡಮ್ಮ' ಅಂತಾಳೆ. ಡ್ರಗ್ಸ್ ಗುಂಪಿನ ಗುರುತಿರಬೇಕು ಅಂತ ನಮ್ಮೆಜಮಾನ್ರು ನಿದ್ದೆಗೆಟ್ಟಿದ್ದಾರೆ. ಮುಂದಿನ ವಾರ ಮನೇಲಿ ಮದುವೆ ಬೇರೆ. ಈ ಸಂಗೀತ ಕೇಳಿ ಬೆಳೆದವರು ಯಾರಾದ್ರೂ ಇದ್ದೀರಾ?

ಉತ್ತರ 1

ಮೇಡಂ, ಮೊದಲು ಯಜಮಾನ್ರಿಗೆ ಮಲಗೋಕೆ ಹೇಳಿ. ಕುಡಿಯಲ್ಲ, ಸೇದಲ್ಲ, ಡ್ರಗ್ಸ್ ಮುಟ್ಟಲ್ಲ ಅನ್ನೋರ ಗುರುತು ಅದು.

1980ರಲ್ಲಿ ವಾಷಿಂಗ್ಟನ್‌ನ ಟೀನ್ ಐಡಲ್ಸ್ ಅನ್ನೋ ಹುಡುಗರ ಬ್ಯಾಂಡು ಕ್ಯಾಲಿಫೋರ್ನಿಯಾಕ್ಕೆ ಹೋಗಿತ್ತು. ಇವರಿಗಿನ್ನೂ ಕುಡಿಯೋ ವಯಸ್ಸಾಗಿಲ್ಲ, ಬಾರಿನವರಿಗೆ ಗೊತ್ತಾಗಲಿ ಅಂತ ಸ್ಯಾನ್ ಫ್ರಾನ್ಸಿಸ್ಕೋದ ಕ್ಲಬ್ಬಿನವರು ಕೈಮೇಲೆ ಇಂಟು ಹಾಕಿ ಒಳಗೆ ಬಿಟ್ರು. ಹುಡುಗರು ವಾಪಸ್ ಬಂದು ತಮ್ಮೂರ ಕ್ಲಬ್ಬಿಗೂ ಅದೇ ಉಪಾಯ ಹೇಳಿದ್ರು. ಅವರಲ್ಲಿ ಬಾಸ್ ಗಿಟಾರ್ ನುಡಿಸ್ತಿದ್ದ ಇಯಾನ್ ಮೆಕೇ ಮುಂದೆ ಮೈನರ್ ಥ್ರೆಟ್ ಅನ್ನೋ ಬ್ಯಾಂಡ್ ಕಟ್ಟಿ, 1981ರಲ್ಲಿ ಒಂದು ನಿಮಿಷವೂ ಇಲ್ಲದ 'ಸ್ಟ್ರೈಟ್ ಎಡ್ಜ್' ಹಾಡಿದ. ಈ ವ್ರತಕ್ಕೆ ಅದೇ ಹೆಸರು ನಿಂತಿತು. ಟೀನ್ ಐಡಲ್ಸ್ ಒಡೆದಾಗ ಕೂಡಿಟ್ಟಿದ್ದ ದುಡ್ಡನ್ನ ಹಂಚಿಕೊಳ್ಳದೆ ರೆಕಾರ್ಡ್ ಮಾಡಿಸಿದ್ರು, ಸಾವಿರ ಪ್ರತಿ. ಹಳೇ ರೆಕಾರ್ಡಿನ ಕವರ್ ಬಿಚ್ಚಿ, ಅದರ ಅಳತೆಗೆ ಕಾಗದ ಕತ್ತರಿಸಿ, ಕೈಯಲ್ಲೇ ಮಡಿಸಿ ಗೋಂದು ಹಚ್ಚಿದ್ರು. ಕವರಿನ ಮೇಲಿರೋದು ನಿಮ್ಮ ಮಗಳ ಕೈಮೇಲಿರೋ ಇಂಟೇ.

ನನ್ನದು ಬೇರೆ ಕಥೆ. ಸ್ನೇಹಿತನೊಬ್ಬ, ರಾಮೋನ್ಸ್ ಅನ್ನೋ ಪಂಕ್ ಬ್ಯಾಂಡು 1976ರಲ್ಲಿ ತಂದ ಮೊದಲ ಆಲ್ಬಮ್ ತುಂಬಿಸಿಕೊಟ್ಟ. ಹದಿನಾಲ್ಕು ಹಾಡು ಸೇರಿ ಅರ್ಧ ಗಂಟೆಯೂ ಇಲ್ಲ, ಅರವತ್ತು ನಿಮಿಷದ ಕ್ಯಾಸೆಟ್ಟಿನ ಒಂದೇ ಮಗ್ಗುಲಿಗೆ ಸರಿಹೋಯ್ತು. ಇನ್ನೊಂದು ಮಗ್ಗುಲಲ್ಲಿ ಅಮ್ಮನ ದಾಸರ ಪದ. ಒಂದು ಏಕಾದಶಿ ಬೆಳಗ್ಗೆ ಅಮ್ಮ ಮಡಿಯಲ್ಲಿ ಬಂದು ಕ್ಯಾಸೆಟ್ ತಿರುಗಿಸಿ ಹಾಕಿಬಿಟ್ಟರು! ಅಪ್ಪ ಸಂಧ್ಯಾವಂದನೆ ಬಿಟ್ಟು ಓಡಿಬಂದ್ರು, ಟೇಪ್ ರೆಕಾರ್ಡರ್ ಸುಟ್ಟುಹೋಯ್ತು ಅಂತ.

ಆ ರಾಮೋನ್ಸ್ ಎಲ್ಲರಿಗೂ ಒಂದೇ ಅಡ್ಡಹೆಸರು, ಯಾರೂ ಅಣ್ಣತಮ್ಮಂದಿರಲ್ಲ. ಹಾಡೋ ಜೋಯಿಯ ಗೆಳತಿಯನ್ನ ಗಿಟಾರ್ ನುಡಿಸೋ ಜಾನಿ ಮದುವೆಯಾದ. ಆಮೇಲೆ ಇಬ್ಬರಿಗೂ ಮಾತಿಲ್ಲ, ದಾಯಾದಿಗಳ ಥರ. ಹಾಗಿದ್ದೇ ವರ್ಷಗಟ್ಟಲೆ ಒಂದೇ ವೇದಿಕೆ ಹತ್ತಿ, 1996ರಲ್ಲಿ ನಿಲ್ಲಿಸೋ ಹೊತ್ತಿಗೆ ಎರಡು ಸಾವಿರಕ್ಕೂ ಹೆಚ್ಚು ಕಾರ್ಯಕ್ರಮ ಕೊಟ್ಟಿದ್ರು. ಹದಿನೆಂಟರಲ್ಲಿ ಇದು ನಂಗೆ ತಮಾಷೆ ಅನ್ನಿಸ್ತಿತ್ತು. ಈಗ ಆಫೀಸಲ್ಲಿ ಮಾತು ಬಿಟ್ಟವರ ಪಕ್ಕದಲ್ಲೇ ಹನ್ನೊಂದು ವರ್ಷ ಕೂತಮೇಲೆ ಜೋಯಿ ಹಾಡೋದೇ ಬೇರೆ ಥರ ಕೇಳಿಸುತ್ತೆ.

ಕೆಟ್ಟದ್ದನ್ನೂ ಹೇಳಿಬಿಡ್ತೀನಿ. ಸೆಕ್ಸ್ ಪಿಸ್ಟಲ್ಸ್ ಬ್ಯಾಂಡಿನ ಸಿಡ್ ವಿಷಸ್ 1979ರಲ್ಲಿ ಹೆರಾಯಿನ್‌ನಿಂದ ಸತ್ತ, ಆಗ ಇಪ್ಪತ್ತೊಂದೇ. ಅವನ ಪೋಸ್ಟರ್ ನನ್ನ ಗೋಡೆ ಮೇಲಿತ್ತು. ನನ್ನ ತಂಗಿಯ ಮಗ ಇಪ್ಪತ್ತೊಂದಕ್ಕೆ ಕಾಲಿಟ್ಟ ವರ್ಷ ತೆಗೆದೆ. ಕ್ಲ್ಯಾಶ್ ಬ್ಯಾಂಡಿನ ಜೋ ಸ್ಟ್ರಮರ್ ಪೋಸ್ಟರ್ ಮಾತ್ರ ಈಗಲೂ ಗೋಡೆ ಮೇಲಿದೆ. ರಾಯಭಾರ ಕಚೇರಿ ಅಧಿಕಾರಿಯ ಮಗ, ಬೋರ್ಡಿಂಗ್ ಶಾಲೆಯಲ್ಲಿ ಓದಿದವನು (ಅವರಪ್ಪ ಹುಟ್ಟಿದ್ದು ಲಕ್ನೋದಲ್ಲಿ). ಇಂಥವನು ಬೀದಿ ಹುಡುಗರ ಪರ ಹಾಡ್ತಾನಾ ಅಂತ ಆಡಿಕೊಳ್ಳೋರಿದ್ರು, ನಂಗೂ ಸ್ವಲ್ಪ ಇರಿಸುಮುರಿಸಾಗಿತ್ತು. ಆದ್ರೆ 1979ರಲ್ಲಿ 'ಲಂಡನ್ ಕಾಲಿಂಗ್' ಆಲ್ಬಮ್ಮಿನ ಎರಡು ತಟ್ಟೆಯನ್ನ ಒಂದರ ಬೆಲೆಗೆ ಕೊಡಿಸಿದ್ರು. ಮರುವರ್ಷ ಮೂರು ತಟ್ಟೆಯ 'ಸ್ಯಾಂಡಿನಿಸ್ಟಾ!' ಅಗ್ಗಕ್ಕೆ ಸಿಗಲಿ ಅಂತ ತಮ್ಮ ರಾಯಧನವನ್ನೇ ಬಿಟ್ಟುಕೊಟ್ರು. ಕೈಯಿಂದ ದುಡ್ಡು ಹೋದಮೇಲೆ ಮನುಷ್ಯನನ್ನ ನಂಬಬಹುದು ಅಂತ ನನ್ನ ಲೆಕ್ಕ.

ಇನ್ನೊಂದು ಮಾತು, ಇದು ಅನುಭವದ್ದು. ಮಗಳು ಕಾರ್ಯಕ್ರಮಕ್ಕೆ ಹೋಗ್ತೀನಿ ಅಂದ್ರೆ ಇಯರ್‌ಪ್ಲಗ್ ಕೊಡಿಸಿ. 2007ರ ಮಾರ್ಚಿನಲ್ಲಿ ಅರಮನೆ ಮೈದಾನದಲ್ಲಿ ಐರನ್ ಮೇಡನ್ ನುಡಿಸಿದಾಗ ನಾನು ಸ್ಪೀಕರಿನ ಎದುರಿಗೇ ನಿಂತಿದ್ದೆ. ಎಡಗಿವಿಯಲ್ಲಿ ಗುಂಯ್ ಅನ್ನೋದು ಇವತ್ತಿಗೂ ನಿಂತಿಲ್ಲ. ಫ್ಯಾನ್ ಆಫ್ ಮಾಡಿದ ರಾತ್ರಿ ಚೆನ್ನಾಗಿ ಕೇಳಿಸುತ್ತೆ.

ಉತ್ತರ 2

ಅಕ್ಕಾ, ಮಗಳಿಗೆ ಎಕ್ಸ್-ರೇ ಸ್ಪೆಕ್ಸ್ ಬ್ಯಾಂಡಿನ ಪಾಲಿ ಸ್ಟೈರೀನ್ ಹಾಡು ಕೇಳಿಸಿ. ಮೇಲಿನ ಅಣ್ಣ ಬರೀ ಗಂಡಸರನ್ನೇ ಹೇಳಿದ್ದಾರೆ. ಸೊಮಾಲಿ ಅಪ್ಪ, ಬ್ರಿಟಿಷ್ ಅಮ್ಮ, ಹಲ್ಲಿಗೆ ಕ್ಲಿಪ್ಪು. ಹತ್ತೊಂಬತ್ತನೇ ಹುಟ್ಟಿದಹಬ್ಬದ ದಿನ ಸೆಕ್ಸ್ ಪಿಸ್ಟಲ್ಸ್ ನೋಡಿ ಬಂದು ತಾನೇ ಬ್ಯಾಂಡ್ ಕಟ್ಟಿದಳು. ಆಮೇಲೆ ಹರೇ ಕೃಷ್ಣ ಭಕ್ತೆಯಾದಳು, ಬೇಕಿದ್ರೆ ಯಜಮಾನ್ರಿಗೆ ಅದನ್ನೇ ಮೊದಲು ಹೇಳಿ. ನಂಗೂ ಹಲ್ಲಿಗೆ ಕ್ಲಿಪ್ ಇದ್ದಾಗ ಬಾಯಿ ಮುಚ್ಚಿಕೊಂಡು ನಗ್ತಿದ್ದೆ. ಅವಳ ವಿಡಿಯೋ ನೋಡಿದ ಮೇಲೆ ಬಿಟ್ಟೆ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ರಾತ್ರಿ ಚಪಾತಿ ಲಟ್ಟಿಸ್ತಾ 'ಇದು ಆ ಮೆಕೇ ಮಾರ್ಕಾ?' ಅಂದೆ. ಎರಡು ನಿಮಿಷ ಬಾಯಿ ಬಿಟ್ಕೊಂಡು ನೋಡಿದ್ಲು. ಆಮೇಲೆ ಹತ್ತೂವರೆವರೆಗೂ ಹಾಡು ಹಾಕಿದ್ದೇ ಹಾಕಿದ್ದು, ತಲೆನೋವು ಬಂತು. ಮದುವೆಗೆ ಅಳಿಸ್ತೀನಿ ಅಂತ ಒಪ್ಪಿದಾಳೆ, ಆದ್ರೆ ಅದು ಪರ್ಮನೆಂಟ್ ಮಾರ್ಕರ್ ಅಂತೆ. ಸೋಪಿಗೆ ಜಗ್ತಾ ಇಲ್ಲ!

ಉತ್ತರ 1

ಸ್ಯಾನಿಟೈಸರ್ ಹಚ್ಚಿ ಹತ್ತಿಯಲ್ಲಿ ಒರೆಸಿ ಮೇಡಂ. ಪೂರ್ತಿ ಹೋಗದಿದ್ರೆ ಮೇಲೆ ಮೆಹಂದಿ ಹಾಕಿಸಿಬಿಡಿ.