ಶಿವರಾತ್ರಿಯಿಂದ ಯುಗಾದಿಯೊಳಗೆ ಹಿತ್ತಲ ಕೆಲಸ: ಯಾವುದು ಮೊದಲು? (ದಾವಣಗೆರೆ, ಎರೆ ಮಣ್ಣು)

ಹಿತ್ತಲಗಿಡ:
ನಮಸ್ಕಾರ. 20×15 ಅಡಿ ಹಿತ್ತಲು. ಎರೆ ಮಣ್ಣು, ಬೋರ್ ನೀರು ಗಡಸು, ಬಕೆಟ್ ಅಂಚಿಗೆ ಬಿಳಿ ಕಟ್ಟುತ್ತೆ. ಚಳಿಗಾಲದ ಪಾಲಕ್, ಮೆಂತ್ಯ ಹೂ ಬಿಟ್ಟಿವೆ, ಟೊಮೆಟೊ ಕೊನೇ ಕೊಯ್ಲು. ಕಾಯಂ ಗಿಡಗಳು ನುಗ್ಗೆ, ಕರಿಬೇವು, ದುಂಡು ಮಲ್ಲಿಗೆ, ಗುಲಾಬಿ, ನಿಂಬೆ. ಕೆಲಸಕ್ಕೆ ಸಿಗೋದು ಭಾನುವಾರ ಮಾತ್ರ. ವಿಡಿಯೊಗಳಲ್ಲಿ ವಸಂತ ಬಂತು, ಎಲ್ಲ ಗಿಡ ಸವರಿ, ಏರುಮಡಿ ಮಾಡಿ ಅಂತಾರೆ. ನಮ್ಮ ಬಿಸಿಲಿಗೆ ಇದು ಸರಿಯಾ? ಕರಿಬೇವಿನ ಚಿಗುರು ಹಳದಿಯಾಗ್ತಿದೆ, ನರ ಮಾತ್ರ ಹಸಿರು. ಅದಕ್ಕೂ ಏನಾದರೂ ಹೇಳಿ.

ಎರೆಹೊಲ:
ವಿಡಿಯೊದವರ ವಸಂತ ಬೇರೆ, ನಮ್ಮದು ಬೇರೆ ಸರ್. ಅಲ್ಲಿ ಚಳಿ ಬಿಟ್ಟು ಗಿಡ ಏಳುವ ಕಾಲ. ಇಲ್ಲಿ ಏಪ್ರಿಲ್-ಮೇ ಬಿಸಿಲಿಗೆ ಗಿಡ ಗಟ್ಟಿ ಮಾಡಿಕೊಳ್ಳುವ ಕಾಲ. ಬಿತ್ತನೆ ಮೊದಲು, ಕತ್ತರಿ ಕೊನೆಗೆ.

ಏರುಮಡಿ ಈಗ ಬೇಡವೇ ಬೇಡ. ಅಂಚಿಗೆ ಗಾಳಿ ಬಡಿದು ಎರೆ ಮಣ್ಣು ಬಾಯಿ ಬಿಡುತ್ತೆ, ಹಾಕಿದ ನೀರು ಬಿರುಕಿನಲ್ಲಿ ಇಳಿದು ಹೋಗುತ್ತೆ, ಬೇರೂ ಹರಿಯುತ್ತೆ. ನೆಲಕ್ಕಿಂತ 3-4 ಇಂಚು ತಗ್ಗಿನ ಪಾತಿ ಮಾಡಿ. ಮೇ ಕೊನೆಗೆ, ರೋಹಿಣಿ ಮಳೆ ಹೊತ್ತಿಗೆ, ಅದನ್ನೇ ಏರಿಸಿಕೊಂಡರಾಯ್ತು. ಆಗ ಏರಿಸದಿದ್ದರೆ ನೀರು ನಿಂತು ಬೇರು ಕೊಳೆಯುತ್ತೆ.

ಅಗೆಯೋ ಮುಂಚೆ ಹದ ನೋಡಿ. ಬುಧವಾರ ನೀರು ಹಾಯಿಸಿದರೆ ಭಾನುವಾರಕ್ಕೆ ಸರಿಹೋಗಬಹುದು. ಒಂದು ಹಿಡಿ ಮಣ್ಣು ಉಂಡೆ ಕಟ್ಟಿ ಸೊಂಟದ ಎತ್ತರದಿಂದ ಬಿಡಿ. ಒಡೆದು ಚೂರಾದರೆ ಸಲಿಕೆ ಹಾಕಿ. ಮೆತ್ತಗೆ ಚಪ್ಪಟೆಯಾದರೆ ಇನ್ನೊಂದೆರಡು ದಿನ ಬಿಡಿ. ಹಸಿ ಎರೆ ಮಣ್ಣು ಅಗೆದರೆ ಹೆಂಟೆ ಒಣಗಿ ಕಲ್ಲಾಗುತ್ತೆ, ಆಮೇಲೆ ಗುದ್ದಲಿಗೂ ಬಗ್ಗಲ್ಲ.

10×4 ಅಡಿ ಪಾತಿಗೆ ಪೂರ್ತಿ ಕಳಿತ ತಿಪ್ಪೆಗೊಬ್ಬರ 10-12 ಕೆಜಿ, ಬೇವಿನ ಹಿಂಡಿ ಕಾಲು ಕೆಜಿ. ಸಗಣಿ ವಾಸನೆ ಇನ್ನೂ ಬರುತ್ತಿದ್ದರೆ ಅದು ಕಳಿತಿಲ್ಲ. ಹಸಿ ಗೊಬ್ಬರಕ್ಕೆ ಗೊಣ್ಣೆಹುಳು, ಗೆದ್ದಲು ಎರಡೂ ಬರುತ್ತವೆ.

ಬಿತ್ತನೆಗೆ ಬೆಂಡೆ, ಚೌಳಿ, ಅಲಸಂದೆ, ಹೀರೆ, ಹಾಗಲ, ಹರಿವೆ. ಕೋಸು, ಕ್ಯಾರೆಟ್ ಕಡೆ ಹೋಗಬೇಡಿ. ಟೊಮೆಟೊ ಹೊಸದಾಗಿ ಹಚ್ಚಬೇಡಿ, 35 ಡಿಗ್ರಿ ದಾಟಿದರೆ ಹೂವು ಕಾಯಿ ಕಚ್ಚದೆ ಉದುರುತ್ತೆ. ಬೆಂಡೆ ಬೀಜ ರಾತ್ರಿ ನೆನೆಸಿ, ಸಾಲಿಂದ ಸಾಲಿಗೆ ಒಂದೂವರೆ ಅಡಿ, ಗಿಡದಿಂದ ಗಿಡಕ್ಕೆ ಒಂದಡಿ. ಮುಕ್ಕಾಲು ಇಂಚಿಗಿಂತ ಆಳ ಬೇಡ, ಎರೆ ಮಣ್ಣು ಮೇಲೆ ಹೆಪ್ಪುಗಟ್ಟಿ ಮೊಳಕೆ ಒಳಗೇ ಮುರುಟುತ್ತೆ. ತಳಿ ಅರ್ಕಾ ಅನಾಮಿಕ ಆಗಬಹುದು, ಹಳದಿ ನಂಜು ರೋಗ ತಡೆಯಲೆಂದು ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಮಾಡಿದ್ದು. ಆದರೂ ನರ ಹಳದಿಯಾದ ಗಿಡ ಕಂಡ ದಿನವೇ ಕಿತ್ತುಹಾಕಿ. ಬಿಳಿನೊಣ ಪಕ್ಕದ್ದಕ್ಕೆ ದಾಟಿಸೋಕೆ ತಡ ಮಾಡಲ್ಲ.

ಕತ್ತರಿಕೈ:
ಕಾಯಂ ಗಿಡಗಳ ಬಗ್ಗೆ ನಾನು ಹೇಳ್ತೀನಿ.

ನುಗ್ಗೆ ಮುಟ್ಟಬೇಡಿ. ಈಗ ಹೂವು, ಕಾಯಿ ಇರೋ ಹೊತ್ತು. ಕಾಯಿ ಮುಗಿದ ಮೇಲೆ, ಮುಂಗಾರು ಶುರುವಿಗೆ, ಮೂರ್ನಾಲ್ಕು ಅಡಿಗೆ ಕಡಿದರೆ ಕೈಗೆಟಕುವ ಹಾಗೆ ಚಿಗುರುತ್ತೆ. ಹೂ ಬಿಟ್ಟಾಗ ಧಾರಾಳ ನೀರು ಹಾಯಿಸಬೇಡಿ, ಅದಕ್ಕೂ ಹೂವು ಉದುರುತ್ತೆ.

ದುಂಡು ಮಲ್ಲಿಗೆ ಸವರಬೇಕಿದ್ದು ಡಿಸೆಂಬರ್ ಆಸುಪಾಸಿನಲ್ಲಿ. ಈಗ ಸವರಿದರೆ ಮಾರ್ಚ್-ಏಪ್ರಿಲ್ ಹೂವಿನ ಆಸೆ ಬಿಡಬೇಕು. ಒಣ ಕಡ್ಡಿ ಮಾತ್ರ ತೆಗೆದು ಬುಡ ಸಡಿಲಿಸಿ, ಎರೆಹುಳು ಗೊಬ್ಬರ ಒಂದು ಕೆಜಿ ಕೊಡಿ. ಗುಲಾಬಿಗೂ ಅಷ್ಟೆ. ಬಾಡಿದ ಹೂವನ್ನು ಐದೆಲೆಯ ಮೊದಲ ಗರಿ ತನಕ ಕತ್ತರಿಸಿ ಸಾಕು. ದೊಡ್ಡ ಸವರುವಿಕೆ ಅಕ್ಟೋಬರ್-ನವೆಂಬರಿಗೆ.

ನಿಂಬೆಗೆ ನೀರು ಬೊಡ್ಡೆಗೆ ತಾಗಬಾರದು. ಒಂದೂವರೆ ಅಡಿ ದೂರ ಉಂಗುರದ ಹಾಗೆ ಪಾತಿ ಮಾಡಿ, ಬುಡ ಎತ್ತರಕ್ಕಿರಲಿ. ತಾಗಿದರೆ ತೊಗಟೆ ಒಡೆದು ಅಂಟು ಸೋರುತ್ತೆ. ತಡೆಗೆ ಬೋರ್ಡೊ ಮುಲಾಮು: ಮೈಲುತುತ್ತ (ತಾಮ್ರದ ಸಲ್ಫೇಟ್) 100 ಗ್ರಾಂ ಅರ್ಧ ಲೀಟರಿನಲ್ಲಿ, ಸುಟ್ಟ ಸುಣ್ಣ 100 ಗ್ರಾಂ ಇನ್ನರ್ಧ ಲೀಟರಿನಲ್ಲಿ ಬೇರೆ ಬೇರೆ ಕರಗಿಸಿ, ಪ್ಲಾಸ್ಟಿಕ್ ಬಕೆಟಿನಲ್ಲಿ ಕೂಡಿಸಿ. ಕಬ್ಬಿಣ ಬೇಡ. ಉಜ್ಜಿದ ಚಾಕು ಒಂದು ನಿಮಿಷ ಅದ್ದಿ ತೆಗೆದರೆ ಅಲಗಿಗೆ ತಾಮ್ರದ ಕೆಂಪು ಹಿಡಿದಿದ್ದರೆ ಇನ್ನಷ್ಟು ಸುಣ್ಣ ಬೇಕು. ಸುಣ್ಣ ಸಾಲದಿದ್ದರೆ ತೊಗಟೆ ಸುಡುತ್ತೆ. ನೆಲದಿಂದ ಎರಡಡಿ ತನಕ ಬಳಿಯಿರಿ. ಅವತ್ತೇ ಮುಗಿಸಿ, ನಾಳೆಗೆ ಇಡೋಕಾಗಲ್ಲ.

ಕರಿಬೇವಿಗೆ ಕಬ್ಬಿಣ ಸಿಗ್ತಿಲ್ಲ. ಮಣ್ಣಲ್ಲಿ ಇದೆ, ಸುಣ್ಣದ ಮಣ್ಣು, ಗಡಸು ನೀರು ಸೇರಿ ಗಿಡಕ್ಕೆ ದಕ್ಕದ ಹಾಗೆ ಮಾಡುತ್ತೆ. ಅನ್ನಭೇದಿ (ಕಬ್ಬಿಣದ ಸಲ್ಫೇಟ್) 5 ಗ್ರಾಂ, ಸಿಟ್ರಿಕ್ ಆಮ್ಲ 1 ಗ್ರಾಂ, ಒಂದು ಲೀಟರ್ ನೀರು. ಸಂಜೆ ಎಲೆಗೆ ಸಿಂಪಡಿಸಿ, ಹದಿನೈದು ದಿನ ಬಿಟ್ಟು ಇನ್ನೊಮ್ಮೆ. ಹುಳಿ ಮಜ್ಜಿಗೆ ಹಾಕಿ ಅಂತಾರೆ, ನನಗೆ ಅದರ ಮೇಲೆ ನಂಬಿಕೆ ಕಮ್ಮಿ. ಹಣ್ಣಿನ ಗೊಂಚಲು ಕಿತ್ತು, ತುದಿ ಚಿವುಟಿದರೆ ಕವಲೊಡೆಯುತ್ತೆ.

ದುರ್ಗದಮಣ್ಣು:
ನೀರಿನ ಲೆಕ್ಕ ಯಾರೂ ಹೇಳಲಿಲ್ಲ. ಒಂದು ಚದರ ಮೀಟರಿಗೆ 1 ಮಿ.ಮೀ. ಅಂದರೆ ಒಂದು ಲೀಟರ್. ಏಪ್ರಿಲಿನಲ್ಲಿ ಪಾತಿ ದಿನಕ್ಕೆ 6 ಮಿ.ಮೀ. ಕುಡಿಯುತ್ತೆ ಅಂದುಕೊಳ್ಳಿ, 10×4 ಅಡಿಗೆ ಸುಮಾರು 22 ಲೀಟರ್. ಎರೆ ಮಣ್ಣಿಗೆ ಎರಡು ದಿನಕ್ಕೊಮ್ಮೆ 45 ಲೀಟರ್ ಕೊಡಿ. ನಮ್ಮ ಚಿತ್ರದುರ್ಗದ ಕಡೆ ಕೆಂಪು ಗರಸು ಮಣ್ಣಿಗೆ ಹಾಗೆ ಕೊಟ್ಟರೆ ಅರ್ಧ ಕೆಳಗೆ ಹೋಗುತ್ತೆ, ದಿನಾ 22 ಲೀಟರೇ ಸರಿ.

ಹೊದಿಕೆ 2-3 ಇಂಚು ಹಾಕಿ. ನಿಮ್ಮಲ್ಲಿ ಭತ್ತದ ಹುಲ್ಲು, ಮೆಕ್ಕೆಜೋಳದ ರವದಿ ಸುಲಭ. ಚಳ್ಳಕೆರೆ ಕಡೆಯವರಿಗೆ ಶೇಂಗಾ ಸಿಪ್ಪೆ. ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಬಿಡಿ, ಗೆದ್ದಲು ಅಲ್ಲಿಂದಲೇ ಏರುತ್ತೆ. ಡ್ರಿಪ್ ಇದ್ದರೆ ಹದಿನೈದು ದಿನಕ್ಕೊಮ್ಮೆ ಪೈಪಿನ ಕೊನೆ ಬಿಚ್ಚಿ ನೀರು ಬಿಡಿ. ಗಡಸು ನೀರಿಗೆ ಡ್ರಿಪ್ಪರ್ ಕಟ್ಟಿದ್ದು ಗಿಡ ಬಾಡಿದ ಮೇಲೆ ಗೊತ್ತಾಗಿ ಪ್ರಯೋಜನವಿಲ್ಲ. ಪಡುವಣ ಬಿಸಿಲಿಗೆ ಸೊಪ್ಪಿನ ಪಾತಿ ಮೇಲೆ 50% ನೆರಳು ಬಲೆ ಕಟ್ಟಿ. ಬೆಂಡೆ, ಚೌಳಿಗೆ ಬೇಡ.

ಹಿತ್ತಲಗಿಡ:
ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಸವರೋದು ಬಿಟ್ಟೆ. ಇನ್ನೊಂದು: ಹೀರೆಬಳ್ಳಿಗೆ ಹೂವು ಬರುತ್ತೆ, ಕಾಯಿ ಕಚ್ಚಲ್ಲ ಅಂತ ಅಕ್ಕಪಕ್ಕದವರು ಹೇಳ್ತಾರೆ. ಬಿತ್ತಲಾ ಬೇಡವಾ?

ಎರೆಹೊಲ:
ಬಿತ್ತಿ. ಮೊದಮೊದಲು ಬರೋದು ಗಂಡು ಹೂವೇ, ಬಿಸಿಲು ಜಾಸ್ತಿಯಾದರೆ ಇನ್ನೂ ಜಾಸ್ತಿ. ಹೆಣ್ಣು ಹೂವಿನ ಹಿಂದೆ ಬೆರಳುದ್ದದ ಪಿಂದೆ ಇರುತ್ತೆ. ಹೀರೆ ಹೂವು ಅರಳೋದು ಸಂಜೆ, ಬೆಳಗಿನ ಜೇನು ಅದಕ್ಕೆ ಸಿಗಲ್ಲ. ಸಂಜೆ ಆರರ ಮೇಲೆ ಗಂಡು ಹೂವು ಕಿತ್ತು, ದಳ ಮಡಚಿ, ಹೆಣ್ಣು ಹೂವಿಗೆ ಸವರಿ. ಹಾಗಲ, ಸೌತೆಗಾದರೆ ಬೆಳಿಗ್ಗೆ. ಮತ್ತೆ ಚಪ್ಪರದ ಗೂಟ ಒಂದೂವರೆ ಅಡಿ ಆಳ ಹೂಳಿ, ಭರಣಿ ಮಳೆ ಗಾಳಿ ಜೊತೆಗೇ ಬರುತ್ತೆ.