ಸಹಾಯ ಬೇಕು: 14 ವರ್ಷ ನಿಂತಿದ್ದ ಎಂಜಿಬಿ, ಕ್ಲಚ್ ಬಿಡ್ತಾ ಇಲ್ಲ

ಎಲ್ಲರಿಗೂ ನಮಸ್ಕಾರ. ನಾನಿರೋದು ಬರ್ಮಿಂಗ್‌ಹ್ಯಾಮ್‌ನಲ್ಲಿ. 1972ರ ಎಂಜಿಬಿ ರೋಡ್‌ಸ್ಟರ್ (ಹಳೇ ಬ್ರಿಟಿಷ್ ಓಪನ್ ಸ್ಪೋರ್ಟ್ಸ್ ಕಾರು) ತಗೊಂಡಿದ್ದೀನಿ. ಪಕ್ಕದ ಮನೆ ಅಜ್ಜನ ಗಾಡಿ. ಅವರು ತೀರಿಕೊಂಡ ಮೇಲೆ 14 ವರ್ಷ ಥಂಡಿ ಹಿಡಿದ ಗ್ಯಾರೇಜಲ್ಲೇ ನಿಂತಿತ್ತು. ಅಜ್ಜಿ ನಂಬಿ ಕೊಟ್ಟಿದ್ದಾರೆ, ಒಂದು ಸಲ ಅವರನ್ನ ಕೂರಿಸ್ಕೊಂಡು ಹೋಗ್ಬೇಕು ಅಂತ ಆಸೆ.

ಎಂಜಿನ್ ಚಿಂತೆ ಇಲ್ಲ. ಹಳೇ ಪೆಟ್ರೋಲ್ ತೆಗೆದು, ಪ್ಲಗ್ ಬಿಚ್ಚಿ ಸಿಲಿಂಡರ್‌ಗೆ ಎಣ್ಣೆ ಹಾಕಿ ಎರಡು ದಿನ ಬಿಟ್ಟು, ಕೈಯಲ್ಲೇ ತಿರುಗಿಸಿದೆ. ಎರಡೂ ಎಸ್‌ಯು ಕಾರ್ಬ್ಯುರೇಟರ್ ತೊಳೆದ ಮೇಲೆ ಚೆನ್ನಾಗಿ ಸ್ಟಾರ್ಟ್ ಆಯ್ತು.

ತೊಂದರೆ ಕ್ಲಚ್‌ದು. ಎಂಜಿನ್ ಓಡ್ತಿದ್ರೆ ಯಾವ ಗೇರೂ ಬೀಳಲ್ಲ, ಕರಕರ ಅನ್ನುತ್ತೆ. ಆಫ್ ಮಾಡಿದ್ರೆ ಎಲ್ಲಾ ಗೇರೂ ಸಲೀಸು. ಪೆಡಲ್ ಒತ್ತಿದ್ದನ್ನ ದ್ರವದ ಮೂಲಕ ಕ್ಲಚ್‌ಗೆ ಮುಟ್ಟಿಸೋ ಮಾಸ್ಟರ್ ಸಿಲಿಂಡರ್, ಸ್ಲೇವ್ ಸಿಲಿಂಡರ್, ಹೋಸ್ ಮೂರೂ ಹೊಸದು ಹಾಕಿ, ಒಳಗಿನ ಗಾಳಿ ತೆಗೆದೆ. ಪೆಡಲ್ ಒತ್ತಿದ್ರೆ ಸ್ಲೇವ್‌ನ ರಾಡ್ ಸುಮಾರು 12 ಮಿ.ಮೀ. ಸರಿಯುತ್ತೆ. ಹಿಂದಿನ ಚಕ್ರ ಎತ್ತಿ, ನಾಲ್ಕನೇ ಗೇರಲ್ಲಿ ಓಡಿಸಿ, ಕ್ಲಚ್ ಒತ್ತಿ ಬ್ರೇಕ್ ಹಾಕಿದೆ. ಎಂಜಿನ್ನೇ ನಿಂತುಹೋಗುತ್ತೆ, ಕ್ಲಚ್ ಪ್ಲೇಟ್ ಬಿಡಲ್ಲ.

ಗೊಂದಲ ಇಷ್ಟೇ: ತುಕ್ಕಿಗೆ ಪ್ಲೇಟು ಫ್ಲೈವೀಲ್‌ಗೆ (ಎಂಜಿನ್ ಜೊತೆ ತಿರುಗೋ ಚಕ್ರ) ಅಂಟಿದೆಯಾ, ಇಲ್ಲಾ ಪೆಡಲ್ ಒತ್ತಿದಾಗ ಕ್ಲಚ್ಚನ್ನ ತಳ್ಳಿ ಬಿಡಿಸೋ ಕಾರ್ಬನ್ ರಿಲೀಸ್ ಬೇರಿಂಗ್ ಸವೆದಿದೆಯಾ? ಈ ಗಾಡೀಲಿ ಗೇರ್‌ಬಾಕ್ಸ್ ಒಂದನ್ನೇ ಕೆಳಗಿಂದ ಇಳಿಸೋಕಾಗಲ್ಲ, ಎಂಜಿನ್ನೇ ಎತ್ತಬೇಕು. ಒಬ್ಬನೇ ಇದ್ದೀನಿ, ಅದಕ್ಕೇ ಹಿಂಜರಿಕೆ.

ಎಂಜಿನ್ ಎತ್ತದೇ ಇವೆರಡರಲ್ಲಿ ಯಾವುದು ಅಂತ ಪತ್ತೆ ಮಾಡೋದು ಹೇಗೆ? ಅಂಟಿದ್ದರೆ ಬಿಡಿಸೋಕೆ ಇನ್ನೇನಾದ್ರೂ ದಾರಿ ಇದೆಯಾ? ಮಾಡಿ ಗೊತ್ತಿರೋರು ದಯವಿಟ್ಟು ತಿಳಿಸಿ.